ಮೀನಾ ನಂಬರು ಹಾಕಿದ ಕಲ್ಲುಗಳು

ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸು ಹತ್ತಿದಾಗ ಚೌಡಪ್ಪನ ಹೆಗಲ ಮೇಲೆ ಕಂಬಳಿಯ ಗಂಟಿತ್ತು. ಸೀಟು ಸಿಕ್ಕಿದ ಮೇಲೆ ಅದನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಸಂತೆಯ ದಿನ, ನಿಂತವರಿಗೆ ಕಾಲೂರಲೂ ಜಾಗವಿರಲಿಲ್ಲ. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಗಂಟನ್ನು ಬೆರಳಿನಿಂದ ತಿವಿದು ನೋಡಿದ.

“ಏನ್ ಯಜಮಾನ್ರೆ, ಕುರಿಮರಿನಾ?”

“ಅಲ್ಲಪ್ಪ, ಕಲ್ಲು.”

“ಕಲ್ಲಾ! ಯಾಕೆ, ಸೊರಬದಾಗೆ ಕಲ್ಲು ಸಿಗಲ್ವಾ?”

ಅಕ್ಕಪಕ್ಕದವರು ನಕ್ಕರು. ಚೌಡಪ್ಪನೂ ನಕ್ಕ. ನಲವತ್ತು ವರ್ಷ ಕುರಿ ಕಾಯ್ದವನು ಇಂಥ ಮಾತಿಗೆಲ್ಲ ಮುಖ ಊದಿಸಿಕೊಳ್ಳುವುದಿಲ್ಲ. ಅದೂ ಅಲ್ಲದೆ ಅವನಿಗೆ ಅವತ್ತು ಸಂತೋಷವಾಗಿತ್ತು. ಮಗಳು ಹೋಗಿ ಒಂದು ವರ್ಷ ಎಂಟು ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಮೊದಲ ಸಲ ಅವನು ನಸುಕಿನಲ್ಲೇ ಎದ್ದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದ.

ಮಗಳ ಹೆಸರು ಮೀನಾ. ಒಬ್ಬಳೇ ಮಗಳು. ಶಿವಮೊಗ್ಗದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದಳು. ಕುರಿಯವರ ಹುಡುಗಿ ಕಲ್ಲು ಓದೋಕೆ ಹೋಗ್ಯಾಳಂತೆ ಎಂದು ಊರಿನಲ್ಲಿ ಕೆಲವರಿಗೆ ತಮಾಷೆ. ಅವಳಿಗೆ ಅದೇನೂ ತಾಗುತ್ತಿರಲಿಲ್ಲ. ರಜೆಗೆ ಬಂದರೆ ಅಪ್ಪನ ಹಿಂದೆ ಗುಡ್ಡಕ್ಕೆ ಹೋಗುವಳು. ಅಂಜನಾಪುರದ ಆಚೆ, ಇವರ ಕುರಿ ಮೇಯುವ ಕರೇಗುಡ್ಡ. ಹುಟ್ಟಿದಾಗಿನಿಂದ ಕಂಡ ಗುಡ್ಡವೇ ಅದು. ಆದರೆ ಓದಿ ಬಂದ ಕಣ್ಣಿಗೆ ಅದು ಬೇರೆಯಾಗಿ ಕಂಡಿತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದವಳು ತುತ್ತನ್ನು ಕೈಯಲ್ಲೇ ಹಿಡಿದು ಎದ್ದು ಹೋದಳು. ನೆಲದಿಂದ ಮೊಣಕೈಯಷ್ಟು ಮೇಲೆದ್ದಿದ್ದ ಬೂದುಬಣ್ಣದ ಬಂಡೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು, “ಅಪ್ಪಾ, ಬಾ ಇಲ್ಲಿ, ಬಾ” ಎಂದು ಕೂಗಿದಳು. ಹಾವೇನಾದರೂ ಕಂಡಿತೋ ಎಂದು ಚೌಡಪ್ಪ ಕೋಲು ಹಿಡಿದು ಓಡಿದ್ದ.

ಕಲ್ಲಿನ ಮೈಮೇಲೆ ಗೆರೆಗಳಿದ್ದವು. ಒಂದರ ಮೇಲೊಂದು, ಕೂದಲೆಳೆಯಷ್ಟು ತೆಳ್ಳಗೆ, ಮೇಲಕ್ಕೆ ಉಬ್ಬಿದ ಗೆರೆಗಳು.

“ಇದು ಬರೀ ಕಲ್ಲಲ್ಲಪ್ಪ. ಜೀವ ಇದ್ದವು ಕಟ್ಟಿದ್ದು.”

“ಯಾವ ಜೀವ?”

“ಕಣ್ಣಿಗೆ ಕಾಣದಂಥವು. ಇಲ್ಲೆಲ್ಲ ಸಮುದ್ರ ಇತ್ತು. ಮೊಣಕಾಲುದ್ದ ನೀರು. ಅದರ ತಳದಾಗೆ ಪಾಚಿ ಕಟ್ಟಿದಂಗೆ ಕಟ್ಕೊಂಡಿದ್ವು. ನೀರಾಗಿನ ಮಣ್ಣು ಬಂದು ಮೇಲೆ ಕೂತ್ರೆ ಬಿಸಿಲು ಸಿಗ್ತಿರ್ಲಿಲ್ಲ. ಆ ಮಣ್ಣಿನ ಮ್ಯಾಲೆ ಹತ್ತಿ ಬಂದು ಇನ್ನೊಂದು ಪದರ ಕಟ್ಟೋವು. ಮತ್ತೆ ಮಣ್ಣು, ಮತ್ತೆ ಪದರ. ನಮ್ಮ ಹಳೇ ಮನೆ ಗೋಡಿಗೆ ವರ್ಷಾ ವರ್ಷಾ ಸುಣ್ಣ ಬಳಿದಿಲ್ವಾ, ಕೆತ್ತಿದ್ರೆ ಎಳೆ ಎಳೆ ಬರ್ತದಲ್ಲ, ಹಂಗೆ.”

“ಎಷ್ಟು ವರ್ಷಾತು?”

“ಇನ್ನೂರೈವತ್ತು ಕೋಟಿಗೂ ಮೇಲೆ.”

ಚೌಡಪ್ಪ ಮಗಳ ಮುಖ ನೋಡಿದ. ಅಷ್ಟು ವರ್ಷವನ್ನು ಅವಳು ನಿನ್ನೆ ಮೊನ್ನೆಯ ಮಾತಿನಂತೆ ಹೇಳುತ್ತಿದ್ದಳು. ಕುರಿ, ಮನುಷ್ಯ, ಮೀನು, ಮರ, ಯಾವುದೂ ಇಲ್ಲದ ಕಾಲವಂತೆ. ನಾವು ಎಳೆದುಕೊಳ್ಳುವ ಉಸಿರನ್ನು ಮೊದಲು ಗಾಳಿಗೆ ಬಿಟ್ಟವು ಇಂಥವೇ ಅಂತೆ. ಆಮೇಲಿನ ದೊಡ್ಡ ಜೀವಗಳಿಗೆಲ್ಲ ದಾರಿಯಾದದ್ದು ಅದರಿಂದ. ಆ ಜೀವ ಸತ್ತು ಹೋಯಿತು. ಎಲುಬಿಲ್ಲ, ಚಿಪ್ಪಿಲ್ಲ, ಉಳಿಯಲು ಏನೂ ಇರಲಿಲ್ಲ. ಬದುಕಿದ್ದಾಗ ಮಾಡಿದ ಕೆಲಸವೊಂದು ಕಲ್ಲಾಗಿ ನಿಂತಿತು. ಅವಕ್ಕೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆಂದು ಅವಳು ಮೂರು ಸಲ ಹೇಳಿಕೊಟ್ಟಳು. ಅಪ್ಪನ ನಾಲಿಗೆ ಹೊರಳಲಿಲ್ಲ. ಇಬ್ಬರೂ ನಕ್ಕು ಬುತ್ತಿ ಮುಗಿಸಿದರು.

ಮರುದಿನ ಅವಳು ಕುರಿಗೆ ಹಚ್ಚುವ ಕೆಂಪು ಬಣ್ಣದ ಡಬ್ಬಿಯನ್ನೇ ಗುಡ್ಡಕ್ಕೆ ಒಯ್ದಳು. ಕಣ್ಣಿಗೆ ಬಿದ್ದ ಗೆರೆಯ ಕಲ್ಲಿಗೆಲ್ಲ, ಕಂಡ ಹಾಗೆ, ನಂಬರು ಹಾಕಿದಳು. ಸಂಜೆಯ ಹೊತ್ತಿಗೆ ಹದಿನೇಳು ಕಲ್ಲಾದವು. ಗುಡ್ಡದ ಬುಡದಲ್ಲಿ ಚಪ್ಪಟೆ ಪದರ, ನಡುವೆ ಉಬ್ಬು, ನೆತ್ತಿಯ ಕಡೆಗೆ ಬೆರಳಿನಂಥ ಆಕಾರ. ನೀರು ಕಡಿಮೆಯಾದ ಹಾಗೆ ಆ ಜೀವ ತನ್ನ ಮನೆ ಕಟ್ಟುವ ರೀತಿಯನ್ನೇ ಬದಲಾಯಿಸಿತು, ಆ ಬದಲಾವಣೆ ಮೊದಲಿಂದ ಕೊನೆಯವರೆಗೆ ಈ ಒಂದೇ ಗುಡ್ಡದಲ್ಲಿದೆ ಎಂಬುದು ಅವಳ ಎಣಿಕೆ. ಮುಂದಿನ ವಾರ ಟೇಪು, ದಿಕ್ಸೂಚಿ ತಂದು ಅಳತೆ ಮಾಡುತ್ತೇನೆಂದು ಹೇಳಿ ಶಿವಮೊಗ್ಗಕ್ಕೆ ಹೋದಳು. ಹತ್ತು ದಿನಕ್ಕೆ ಶಿರಾಳಕೊಪ್ಪದ ರಸ್ತೆಯಲ್ಲಿ ಅವಳ ಸ್ಕೂಟಿಗೆ ಲಾರಿ ಬಡಿಯಿತು. ಫೋಟೊ ತೆಗೆದಿದ್ದ ಫೋನು ಪುಡಿಪುಡಿಯಾಯಿತು. ಬ್ಯಾಗಿನಲ್ಲಿದ್ದ ನೋಟ್‌ಬುಕ್ಕು ಉಳಿಯಿತು.

ಹನ್ನೊಂದನೆಯ ದಿನಕ್ಕೆ ಅವಳ ಅಧ್ಯಾಪಕಿ ಶ್ರೀಲತಾ ಮೇಡಂ ಬಂದಿದ್ದರು. ನೋಟ್‌ಬುಕ್ಕನ್ನು ಅಲ್ಲೇ ಕೂತು ಓದಿ, ಕಣ್ಣೊರೆಸಿಕೊಂಡು, “ಇದನ್ನ ನಾನು ಪೂರ್ತಿ ಮಾಡ್ತೇನೆ. ವಿಜ್ಞಾನದ ಪತ್ರಿಕೆಯಲ್ಲಿ ಬರ್ತದೆ. ಮೊದಲ ಹೆಸರು ಮೀನಾಂದೇ” ಎಂದು ಚೌಡಪ್ಪನ ಹೆಂಡತಿ ಈಶ್ವರಮ್ಮನ ಕೈ ಹಿಡಿದು ಹೇಳಿ ಹೋಗಿದ್ದರು. ಆಮೇಲೆ ಕಾಲೇಜಿನವರಿಗೆ ಇರುವ ತಾಪತ್ರಯವೆಲ್ಲ ಅವರಿಗೂ ಬಂತು. ಪರೀಕ್ಷೆ, ಮೌಲ್ಯಮಾಪನ, ಎಲೆಕ್ಷನ್ ಡ್ಯೂಟಿ, ಆಮೇಲೆ ಅಮ್ಮನ ಆಪರೇಷನ್ನು. ಆದರೆ ಆಡಿದ ಮಾತು ಮರೆಯುವ ಹೆಂಗಸಲ್ಲ. ಈ ದೀಪಾವಳಿ ರಜೆಗೆ ಸೊರಬದ ಹತ್ತಿರದ ತಮ್ಮ ಊರು ಕುಪ್ಪಗಡ್ಡೆಗೆ ಬಂದವರು ಫೋನು ಮಾಡಿ, ಮುಂದಿನ ವಾರ ಗುಡ್ಡಕ್ಕೆ ಬರುತ್ತೇನೆ ಎಂದರು.

ಮುಂದಿನ ವಾರದವರೆಗೆ ಕಾಯುವ ತಾಳ್ಮೆ ಚೌಡಪ್ಪನಿಗೆ ಇರಲಿಲ್ಲ. ಏಳನೆಯ ನಂಬರಿನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಾನೇ ಹೊರಟಿದ್ದ.

ಸೊರಬದಲ್ಲಿ ಬಸ್ಸು ಬದಲಿಸಿ ಕುಪ್ಪಗಡ್ಡೆಗೆ ಬಂದಾಗ ಹನ್ನೊಂದು ಗಂಟೆ. ಮೇಡಂ ಬಾಗಿಲಿಗೇ ಬಂದರು.

“ಅಯ್ಯೋ, ಬನ್ನಿ ಬನ್ನಿ. ಎಂತಕ್ಕೆ ಇಷ್ಟು ದೂರ ಬಂದ್ರಿ ಚೌಡಪ್ನೋರೆ? ನಾನೇ ಬರ್ತಿದ್ನಲ್ಲ.”

“ನಿಮಗ್ಯಾಕ್ರಿ ತ್ರಾಸು. ಆ ಗುಡ್ಡ ಹತ್ತೋದು ಸುಮ್ನೆ ಅಲ್ಲ. ಅದಕ್ಕೇ ಒಂದು ಮಾದರಿ ತಂದೀನಿ ನೋಡ್ರಿ.”

ಜಗಲಿಯ ಮೇಲೆ ಗಂಟು ಬಿಚ್ಚಿದ. ಮೇಡಂ ಕೆಳಗೆ ಕೂತು ಕಲ್ಲಿನ ಮೇಲೆ ಅಂಗೈ ಇಟ್ಟರು. ಮೊದಲು ಅವರ ಮುಖ ಅರಳಿತು. ಗೆರೆಗಳ ಮೇಲೆ ಬೆರಳು ಎಳೆದರು. ಕೆಂಪು ಏಳನ್ನು ಮುಟ್ಟಿದರು. ಆಮೇಲೆ ಕಲ್ಲನ್ನು ಹೊರಳಿಸಿ ತಳ ನೋಡಿದರು. ತಳದಲ್ಲಿ ಹಾರೆ ಕೊಟ್ಟ ಬಿಳಿ ಗಾಯವಿತ್ತು.

“ಇದನ್ನ ಗುಡ್ಡದಿಂದ ಕಿತ್ತು ತಂದ್ರಾ?”

“ಈಗಲ್ರೀ. ಹೋದ ವರ್ಷದ ಮಳಿಗಿಂತ ಮೊದ್ಲೇ. ಹದಿನೇಳಕ್ಕೆ ಹದಿನೇಳೂ ಮನಿಗೆ ತಂದೀನಿ. ಒಂದೂ ಬಿಟ್ಟಿಲ್ಲ ನಾನು.”

ಅದನ್ನು ಅವನು ಹೆಮ್ಮೆಯಿಂದ ಹೇಳಿದ. ಹೆಮ್ಮೆ ಪಡುವ ಕೆಲಸವೇ ಅದು. ಇವರ ಹಟ್ಟಿಯಲ್ಲಿ ಒಂದು ನಡೆ ಇದೆ. ಬಣ್ಣದ ಗುರುತು ಬಿದ್ದ ಮೇಲೆ ಆ ಕುರಿ ಮನೆಯದು. ಹೊತ್ತು ಮುಳುಗುವಾಗ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಎಣಿಸುತ್ತಾರೆ. ಒಂದು ಕಡಿಮೆಯಾದರೂ ಮನೆಯ ಯಜಮಾನ ಉಣ್ಣದೆ ತಿರುಗಿ ಹೋಗುತ್ತಾನೆ. ಗುರುತಿನದು ಗುಡ್ಡದಲ್ಲಿ ಉಳಿಯಬಾರದು. ಚೌಡಪ್ಪನ ಅಪ್ಪ ಹಾಗೇ ಮಾಡಿದ್ದ, ಚೌಡಪ್ಪನೂ ಹಾಗೇ ಮಾಡಿಕೊಂಡು ಬಂದಿದ್ದ. ಮಗಳು ಮನೆಯ ಬಣ್ಣದಿಂದಲೇ ಗುರುತು ಹಾಕಿ ಹೋಗಿದ್ದಾಳೆ. ಕುರಿ ಮೈ ತಿಕ್ಕುತ್ತವೆ, ಮಳೆ ಬರುತ್ತದೆ. ಮಂಡಿ ಹಿಡಿದ ಈಶ್ವರಮ್ಮ ಗುಡ್ಡ ಹತ್ತಲಾರಳು. “ಆಕಿ ಬರ್ದದ್ದು ಮಳ್ಯಾಗೆ ನೆನೀತೈತಿ. ನನಗೆ ನೋಡಬೇಕು. ತಂದ್ಕೊಡ್ರಿ” ಎಂದು ಅತ್ತಳು. ಒಂದನ್ನು ತಂದ. ಅವಳು ಅದನ್ನು ಸೆರಗಿನಿಂದ ಒರೆಸಿ, ಕೈಬರಹದ ಮೇಲೆ ಕೆನ್ನೆ ಇಟ್ಟಳು. ಅದನ್ನು ಕಂಡ ಮೇಲೆ ಉಳಿದ ಹದಿನಾರನ್ನು ಬಿಡುವುದು ಅವನಿಂದಾಗಲಿಲ್ಲ. ಹಾರೆ ಹಾಕಿ ಎಬ್ಬಿಸಿ, ಕಂಬಳಿಯಲ್ಲಿ ಕಟ್ಟಿ, ದಿನಕ್ಕೊಂದರಂತೆ ಹೊತ್ತು ತಂದಿದ್ದ. ದೊಡ್ಡವನ್ನು ತರುವಾಗ ಸೊಂಟ ಹಿಡಿದು ಎರಡು ವಾರ ಮಲಗಿದ್ದೂ ಉಂಟು.

ಮೇಡಂ ಕಲ್ಲನ್ನು ಕಂಬಳಿಯ ಮೇಲೆ ಮೊದಲಿನಂತೆ ಇಟ್ಟರು. “ಪರವಾಗಿಲ್ಲ. ಮಜ್ಜಿಗೆ ಕುಡೀರಿ” ಎಂದರು.

ಬಾಯಿ ತೆರೆಸಿ ನೋಡದೆ ಕುರಿಯ ವಯಸ್ಸು ಹೇಳುವವನಿಗೆ ಮನುಷ್ಯರ ಮುಖ ತಿಳಿಯುವುದು ಕಷ್ಟವಲ್ಲ.

“ಮೇಡಂ, ಪರವಾಗಿಲ್ಲ ಅನ್ನೋರ ಮುಖ ಹಿಂಗಿರಲ್ಲ. ಏನಾತು ಹೇಳ್ರಿ.”

“ನಾಳೆ ಗುಡ್ಡಕ್ಕೆ ಹೋಗೋಣ. ನೋಡಿ ಆಮೇಲೆ ಹೇಳ್ತೇನೆ.”

ಮರುದಿನ ಬೆಳಿಗ್ಗೆ ಮೇಡಂ ತಮ್ಮ ಕಾರಿನಲ್ಲಿ ನೇರ ಗುಡ್ಡದ ಬುಡಕ್ಕೇ ಬಂದರು. ಅಲ್ಲಿ ಕಾಯುತ್ತಿದ್ದ ಚೌಡಪ್ಪ ಮುಂದೆ ನಡೆದು ಒಂದೊಂದೇ ಗುಂಡಿ ತೋರಿಸಿದ. ಎರಡು ಮಳೆಗಾಲ ಕಳೆದಿತ್ತು. ಗುಂಡಿಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ಅವನ ಕುರಿಗಳೇ ಅಲ್ಲಿ ಓಡಾಡಿ ನೆಲ ಸಮ ಮಾಡಿದ್ದವು. ಇದು ಮೂರರ ಜಾಗ, ಇದು ಹನ್ನೊಂದರದು ಎಂದು ಒಂಬತ್ತನ್ನು ಗಟ್ಟಿಯಾಗಿ ಹೇಳಿದ. ಹತ್ತನೆಯದಕ್ಕೆ ಅನುಮಾನ ಬಂತು. ಹದಿನಾಲ್ಕು ಇಲ್ಲಿಯದೋ ಆ ಮುಳ್ಳುಪೊದೆಯ ಹತ್ತಿರದ್ದೋ ತಿಳಿಯಲಿಲ್ಲ. ಮೇಡಂ ಪ್ರತಿ ಗುಂಡಿಯಲ್ಲೂ ಮಂಡಿಯೂರಿ, ಮಣ್ಣು ಬಗೆದು, ಉಳಿದ ಕಲ್ಲನ್ನು ಭೂತಗಾಜು ಹಿಡಿದು ನೋಡಿದರು. ಕೆಳಗಿದ್ದದ್ದು ಗೆರೆಯಿಲ್ಲದ ಬೋಳು ಕಲ್ಲು. ಗೆರೆಯಿದ್ದ ಭಾಗವೆಲ್ಲ ಆ ಹದಿನೇಳರಲ್ಲೇ ಇತ್ತು. ಮೀನಾ ಹುಡುಕಿ ಹುಡುಕಿ ಗುರುತು ಮಾಡಿದ್ದಳಲ್ಲ, ಒಂದನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಬಿಸಿಲೇರಿದಾಗ ಮೇಡಂ ಅಲ್ಲೇ ಒಂದು ಬಂಡೆಯ ಮೇಲೆ ಕೂತರು. ಚೌಡಪ್ಪ ಕೆಳಗೆ ಕೂತ.

“ಸುಳ್ಳು ಹೇಳಬ್ಯಾಡ್ರಿ ನನಗೆ,” ಎಂದ.

“ಹೇಳಲ್ಲ. ಚೌಡಪ್ನೋರೆ, ಸತ್ತು ಹೋದ ಜೀವದ ಬಗ್ಗೆ ನಾವು ತಿಳ್ಕೊಳ್ಳೋದು ಕಲ್ಲಿನಿಂದ ಮಾತ್ರ ಅಲ್ಲ. ಕಲ್ಲು ಎಲ್ಲಿತ್ತು, ಯಾವುದರ ಮೇಲಿತ್ತು, ಯಾವ ಕಡೆ ವಾಲಿತ್ತು ಅನ್ನೋದ್ರಿಂದ. ಕೆಳಗಿದ್ದದ್ದು ಮೊದಲು, ಮೇಲಿದ್ದದ್ದು ಆಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾದ್ರೆ ತಾನೇ ಜೀವ ಹೇಗೆ ಬದಲಾಯ್ತು ಅಂತ ಹೇಳೋಕಾಗೋದು? ಮೀನಾ ಹೇಳಿದ್ದು ಅದೇ. ಈಗ ಹದಿನೇಳೂ ಕಲ್ಲಿವೆ. ಮೊದಲು ಯಾವುದು, ಆಮೇಲೆ ಯಾವುದು ಅಂತ ಹೇಳೋಕೆ ಏನೂ ಇಲ್ಲ.”

“ನಂಬರ್ ಹಾಕ್ಯಾಳಲ್ರಿ.”

“ಕಂಡ ಹಾಗೆ ಹಾಕಿದ್ದಾಳೆ, ಸಾಲಾಗಿ ಅಲ್ಲ. ಯಾವುದು ಎಲ್ಲಿ ಅಂತ ನೋಟ್‌ಬುಕ್ಕಲ್ಲೂ ಇಲ್ಲ, ಅದನ್ನ ಬರೆಯೋದು ಎರಡನೇ ಸಲ ಬಂದಾಗಿನ ಕೆಲಸ. ಆ ಎರಡನೇ ಸಲ ಅವಳಿಗೆ ಸಿಗಲಿಲ್ಲ.”

ಚೌಡಪ್ಪ ಮುಂದಕ್ಕೆ ಸರಿದ. “ವಾಪಸ್ ತಂದಿಡ್ತೀನ್ರಿ. ಒಂದು ವಾರ ಕೊಡ್ರಿ ಸಾಕು. ಹೊತ್ಕೊಂಡು ಹೋದವನು ನಾನು, ಹೊತ್ಕೊಂಡು ಬರೋಕೆ ಏನ್ ಧಾಡಿ?”

“ಬೇಡಿ. ಕೈಯಿಂದ ಇಟ್ಟ ಕಲ್ಲನ್ನ ಯಾರೂ ಒಪ್ಪಲ್ಲ. ಪರೀಕ್ಷೆ ಮಾಡೋಕೆ ಬಂದವರು ಮೊದಲು ಕೇಳೋದೇ ಅದನ್ನ.”

“ನನ್ನ ಮಾತಿಗೆ ಬೆಲಿ ಇಲ್ವಾ? ನಾನು ಆಣೆ ಮಾಡಿ ಹೇಳ್ತೀನಿ.”

ಮೇಡಂ ತಲೆ ತಗ್ಗಿಸಿದರು. ಆಣೆಯ ಮೇಲೆ ನಡೆಯುವ ವ್ಯವಹಾರವಲ್ಲ ಅದು ಎಂದು ಆ ಮುದುಕನಿಗೆ ಹೇಗೆ ಹೇಳುವುದು?

“ಹಂಗಾದ್ರೆ ಹೆಸರು?” ಎಂದ ಚೌಡಪ್ಪ.

“ಬರಲ್ಲ.” ಮೇಡಂ ಗಾಜನ್ನು ಚೀಲಕ್ಕೆ ಹಾಕಿದರು. “ಅವಳು ಹೇಳಿದ್ದು ಸರಿ ಇತ್ತು. ನೋಟ್‌ಬುಕ್ ಓದಿದ ನನಗೆ ಗೊತ್ತು. ನನಗೆ ಗೊತ್ತಿದ್ರೆ ಸಾಲದು. ತಪ್ಪು ನಂದೂ ಉಂಟು. ಅವತ್ತು ಬಂದಾಗ, ಆ ಕಲ್ಲು ಮುಟ್ಟಬೇಡಿ ಅಂತ ಒಂದು ಮಾತು ಹೇಳಿ ಹೋಗ್ಬೇಕಿತ್ತು. ಹೊಳೀಲೇ ಇಲ್ಲ ನಂಗೆ.”

ಚೌಡಪ್ಪ ಅಳಲಿಲ್ಲ. ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಲಾರಿ ಬಡಿದ ದಿನ ಅವನು ದೇವರನ್ನು ಬೈದಿದ್ದ, ಲಾರಿಯವನನ್ನು ಬೈದಿದ್ದ, ರಸ್ತೆಯನ್ನು ಬೈದಿದ್ದ. ಈಗ ಬೈಯಲು ಬೇರೆ ಯಾರೂ ಇರಲಿಲ್ಲ. ಇನ್ನೂರೈವತ್ತು ಕೋಟಿ ವರ್ಷ ಮಳೆ, ಬಿಸಿಲು, ಸಮುದ್ರ, ಯಾವುದೂ ಅಲುಗಿಸದೆ ಬಿಟ್ಟದ್ದನ್ನು ತಾನು ಒಂದು ಹಾರೆಯಿಂದ ಮುಗಿಸಿಬಿಟ್ಟೆನಲ್ಲ ಎಂದುಕೊಂಡ. ಮಗಳು ಲೋಕಕ್ಕೆ ಹೇಳಬೇಕೆಂದಿದ್ದ ಮಾತು ಒಂದೇ ಒಂದು. ಆ ಮಾತನ್ನು ಅಪ್ಪನೇ ಹೊತ್ತು ತಂದು ಗೋಡೆಗೆ ಒರಗಿಸಿ ಇಟ್ಟಿದ್ದ.

ಇಳಿಯುವಾಗ ಮೇಡಂ, “ಮನೆಗೆ ಬಂದು ಈಶ್ವರಮ್ಮನೋರ ಹತ್ರ ನಾನೇ ಹೇಳ್ತೇನೆ” ಎಂದರು.

ಚೌಡಪ್ಪ ನಿಂತ. “ಬರಬ್ಯಾಡ್ರಿ ಮೇಡಂ. ಕೈ ಮುಗಿತೀನಿ. ತಂದ್ಕೊಡ್ರಿ ಅಂದಾಕಿ ಅವಳು. ಇದು ತಿಳಿದ್ರೆ ಅವಳು ಉಳಿಯಂಗಿಲ್ಲ. ನಾ ಹೇಳ್ತೀನಿ ಏನೋ ಒಂದು.”

“ಎಂತ ಹೇಳ್ತೀರಿ?”

ಅವನಿಗೂ ಗೊತ್ತಿರಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಆಮೇಲೆ ಮನೆಯ ಕಡೆ ಹೆಜ್ಜೆ ಹಾಕಿದ.

ಮನೆಯಲ್ಲಿ ಈಶ್ವರಮ್ಮ ರೊಟ್ಟಿ ಮಾಡಿ, ಎಣ್ಣೆಗಾಯಿ ಮಾಡಿ, ಮೇಡಂಗೆಂದು ಪಾಯಸವನ್ನೂ ಮಾಡಿ ಕಾಯುತ್ತಿದ್ದಳು. ಪಡಸಾಲೆಯ ಗೋಡೆಯುದ್ದಕ್ಕೂ ಹದಿನಾರು ಕಲ್ಲು ಸಾಲಾಗಿದ್ದವು. ಬಣ್ಣ ಹೋದೀತೆಂದು ಅವಕ್ಕೆ ನೀರು ಮುಟ್ಟಿಸದೆ, ಒಣಬಟ್ಟೆಯಿಂದ ಒರೆಸಿ ಒರೆಸಿ ಹೊಳಪು ತಂದಿದ್ದಳು.

“ಎಲ್ರೀ ಮೇಡಂ?”

“ಅರ್ಜೆಂಟ್ ಕೆಲಸ ಬಂತಂತೆ. ಹೋದ್ರು.”

“ಊಟ ಮಾಡ್ದಂಗೆ? ಏನಂದ್ರು? ಯಾವಾಗ ಬರ್ತದಂತೆ ಹೆಸರು?”

ಚೌಡಪ್ಪ ಕಂಬಕ್ಕೆ ಒರಗಿ ಕೂತ. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು.

“ಬರಲ್ವಂತೆ.”

“ಯಾಕೆ?”

“ಆ ಕಲ್ಲು ಅಂಥವಲ್ವಂತೆ. ಬರೀ ಕಲ್ಲಂತೆ.”

ಈಶ್ವರಮ್ಮನಿಗೆ ಸಿಟ್ಟು ಬಂತು. “ಯಾರ್ ಹೇಳಿದ್ದು? ಅವತ್ತು ನನ್ನ ಕೈ ಹಿಡಿದು ಹೇಳಿದ್ರಲ್ಲ ಅವರೇ? ನನ್ನ ಮಗಳು ಸುಮ್‌ಸುಮ್ನೆ ಹೇಳಾಕಿ ಅಲ್ಲ. ಒಂದನೇ ಕ್ಲಾಸಿಂದ ಆಕಿ ಲೆಕ್ಕ ಒಂದು ತಪ್ಪಿಲ್ಲ.”

“ಗಾಜು ಹಿಡಿದು ನೋಡಿದ್ರು ಇವತ್ತು. ಮೀನಾ ತಪ್ಪು ತಿಳ್ಕೊಂಡಿದ್ಲಂತೆ.”

ಹೇಳಿದ ಮೇಲೆ ಅವನ ಕಿವಿಗೇ ಅದು ಕಾದ ಎಣ್ಣೆ ಬಿದ್ದಂತೆ ಆಯಿತು. ಈಶ್ವರಮ್ಮ ಕಲ್ಲುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವಳೂ ಕುರಿಯವರ ಮನೆಯಲ್ಲಿ ಹುಟ್ಟಿದವಳೇ, ಮುಖ ಓದಲು ಬಾರದವಳಲ್ಲ.

“ಏನ್ರೀ, ನಾವು ತಂದಿಟ್ಕೊಂಡಿದ್ದಕ್ಕೆ ಏನಾರ ಕೆಟ್ಟು ಹೋತಾ?”

ತಡವರಿಸಿದರೆ ಮುಗಿಯಿತು. ಚೌಡಪ್ಪ ದನಿ ಏರಿಸಿದ.

“ತಂದಿದ್ದಕ್ಕೂ ಇದಕ್ಕೂ ಏನು ಸಂಬಂಧ? ಅಲ್ಲೇ ಬಿದ್ದಿದ್ರೂ ಅಷ್ಟೇ, ಇಲ್ಲಿದ್ರೂ ಅಷ್ಟೇ. ಹುಡುಗಿ ಮಾಡಿದ್ದೇ ತಪ್ಪು. ಅರ್ಧಂಬರ್ಧ ಓದಿಕೊಂಡು ಬಂದು ಸಿಕ್ಕಿದ್ದಕ್ಕೆಲ್ಲ ಬಣ್ಣ ಬಳಿದ್ಲು. ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದಿತ್ತು!”

ಮೀನಾ ಇದ್ದಷ್ಟು ದಿನ ಅವಳಿಗೆ ಒಂದು ಗದರು ಮಾತು ಆಡಿದವನಲ್ಲ ಚೌಡಪ್ಪ.

ಈಶ್ವರಮ್ಮ ಮೆಲ್ಲಗೆ ಮಂಡಿ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಬೆನ್ನ ಮೇಲೆ ಕೈ ಇಟ್ಟಳು.

“ಹೋಗ್ಲಿ ಬಿಡ್ರಿ, ಬೈಬ್ಯಾಡ್ರಿ ಆಕಿನ್ನ. ಇನ್ನೂ ಕಲಿಯೋ ಹುಡುಗಿ. ತಪ್ಪು ಮಾಡಿದ್ರೆ ಏನಾತು? ಇದ್ದಿದ್ರೆ ತಿದ್ಕೊಂತಿದ್ಲು.”

“ಹ್ಞೂಂ,” ಎಂದ ಚೌಡಪ್ಪ. “ತಿದ್ಕೊಂತಿದ್ಲು.”